ಅಮ್ಮನ ತವರಿನ ಹೆಸರು

ಹ್ಯಾರಿಸ್ ದ್ವೀಪ
9 ಮಾರ್ಚ್ 2014

ಪ್ರೀತಿಯ ಟಾರ್ಕಿಲ್ ಅಣ್ಣ,

ನಿನ್ನ ಪತ್ರ ಬಂದು ಮೂರು ವಾರವಾಯಿತು. ಚಹಾ ಡಬ್ಬಿಗೆ ಒರಗಿಸಿಟ್ಟು ದಿನಾ ನೋಡುತ್ತಿದ್ದೆ. ಕೆಲಸವಿತ್ತು ಎಂದರೆ ಸುಳ್ಳಾದೀತು. ಉತ್ತರ ಬರೆಯಲು ಹೆದರಿದ್ದೆ, ಕ್ಷಮಿಸು. ಕೆನಡಾದಲ್ಲಿ ಹಿಮ ಇನ್ನೂ ಕರಗಿಲ್ಲವೇ? ಇಲ್ಲಿ ಮೊನ್ನೆ ಗಾಳಿ ಕೋಳಿಗೂಡಿನ ಬಾಗಿಲನ್ನೇ ಹೊತ್ತೊಯ್ದಿತು. ಕೋಳಿಗಳು ಮಾತ್ರ ಕದಲಲಿಲ್ಲ.

ನೀನು ಕಳಿಸಿದ ಅಮ್ಮನ ತವರಿನ ವಂಶವೃಕ್ಷವನ್ನು ಮೇಜಿನ ಮೇಲೆ ಹರಡಿಕೊಂಡು ಕೂತಿದ್ದೆ. ನಾರ್ವೆ ಕಡೆಯಿಂದ ದೋಣಿಯಲ್ಲಿ ಬಂದ ಆಸ್ಕೆಟಿಲ್, ಅವನ ಮಕ್ಕಳಿಂದ ಮಕ್ಯಾಸ್ಕಿಲ್ ಎಂಬ ಹೆಸರು. ಜಮೀನ್ದಾರ ಕುರಿಗಳಿಗಾಗಿ ಮನೆಗಳನ್ನು ಖಾಲಿ ಮಾಡಿಸಿದಾಗ ಅರ್ಧ ಕುಟುಂಬ ಹಡಗು ಹತ್ತಿ ನೀನೀಗಿರುವ ಊರು ಸೇರಿದ್ದು. ಎಷ್ಟು ಮುತುವರ್ಜಿಯಿಂದ ಬರೆದಿದ್ದೀಯ! ಆದರೆ ಅಮ್ಮನ ಹೆಸರಿಗೆ ಮಾತ್ರ, ರಕ್ತಸಂಬಂಧವಲ್ಲ ಎಂಬಂತೆ, ಚುಕ್ಕೆಗೆರೆ. ಪಕ್ಕದಲ್ಲಿ ‘ಗಿಲ್ಮೋರ್, ಗ್ಲಾಸ್ಗೋ, ಸಾಕಲು ಕಳಿಸಿದ್ದು’. ದಾಖಲೆಯಲ್ಲಿ ಹಾಗೇ ಇದೆ. ನಿನ್ನ ತಪ್ಪಲ್ಲ.

ಅಮ್ಮನ ಗೋರಿಕಲ್ಲು ಬಂದಿದೆ. ನಲವತ್ತು ವರ್ಷ ಮಾರಿಸನ್ ಮನೆಯ ಸೊಸೆಯಾಗಿ ಬಾಳಿದರೂ ನಮ್ಮೂರಲ್ಲಿ ಹೆಂಗಸಿನ ಕಲ್ಲಿಗೆ ತವರಿನ ಹೆಸರೇ ತಾನೆ? ಕೆತ್ತುವ ಇವೆನ್ ಬಾಗಿಲಲ್ಲೇ ನಿಂತು ಕೇಳಿದ: “ಏನಂತ ಕೆತ್ಲಿ ಹೇಳು ತಾಯಿ. ಮಕ್ಕಳಿಬ್ಬರೂ ಒಪ್ಪಿದ್ರೆ ಮಾತ್ರ ನಾನು ಉಳಿ ಹಿಡಿಯೋದು. ಆಮೇಲೆ ಜಗಳ ಆಡ್ಕೊಂಡು ನನ್ನ ಹತ್ರ ಬರಬೇಡಿ.”

ಮಾರ್ಸಲಿ ದೊಡ್ಡಮ್ಮನನ್ನು ಕೇಳೋಣವೆಂದು ಹೋದೆ. ಅಮ್ಮನ ಜೊತೆ ಒಂದೇ ಹಾಸಿಗೆಯಲ್ಲಿ ಮಲಗಿ ಬೆಳೆದವಳು ಅವಳೇ ಅಲ್ಲವೇ?

“ಗಿಲ್ಮೋರ್ ಅಂತ ಕೆತ್ತಿಸಿದ್ರೆ ನಾನು ಆ ಸ್ಮಶಾನಕ್ಕೆ ಕಾಲಿಡಲ್ಲ. ಸತ್ರೂ ಬರಲ್ಲ!”

“ಸತ್ತ ಮೇಲೆ ಬೇರೆ ಎಲ್ಲಿಗೆ ಹೋಗ್ತೀ ದೊಡ್ಡಮ್ಮ?”

“ನಗಬೇಡ ಕಣೇ. ಒಲೆಗೆ ಹಾಕೋ ಪೀಟ್ ಮಣ್ಣು ಅಗೆಯೋಕೆ ಒಬ್ಬ ಗಂಡುಹುಡುಗನ್ನ ಕಳಿಸಿ ಅಂತ ನಮ್ಮಪ್ಪ ಗ್ಲಾಸ್ಗೋಗೆ ಬರೆದಿದ್ರು. ಹಡಗುಕಟ್ಟೇಲಿ ಇಳಿದದ್ದು ಐದು ವರ್ಷದ ನಿಮ್ಮಮ್ಮ, ಕೊರಳಲ್ಲೊಂದು ಚೀಟಿ. ಅಪ್ಪ ಅವಳ ಕೈ ಮುಟ್ಟಿ ನೋಡಿ, ‘ಇದು ಅಗೆಯೋ ಕೈಯಲ್ಲ, ತಣ್ಣಗಾಗಿದೆ’ ಅಂತ ತಮ್ಮ ಜೇಬೊಳಗೆ ಇಟ್ಕೊಂಡ್ರು. ಶಾಲೇಲಿ ಮೇಷ್ಟ್ರು ಹಾಜರಿ ಕೂಗಿದ್ರಂತೆ, ಗಿಲ್ಮೋರ್ ಅಂತ. ಮರುದಿನ ಅಪ್ಪ ಕೆಸರು ಬೂಟಲ್ಲೇ ತರಗತಿಗೆ ನುಗ್ಗಿದ್ರು. ‘ನನ್ನ ಮನೇಲಿ ಗಿಲ್ಮೋರ್ ಅಂತ ಯಾರೂ ಇಲ್ಲ ಮೇಷ್ಟ್ರೇ, ಇನ್ನೊಂದು ಸಲ ಕರೀರಿ!’ ಅಂದ್ರು.”

ಇನ್ನೊಂದು ಸಲ ಕರೆದಾಗ ಅಮ್ಮ ಎದ್ದು ನಿಂತಳಂತೆ.

ಆದರೂ ಅನುಮಾನ ಬಿಡಲಿಲ್ಲ, ಅಣ್ಣ. ಗ್ಲಾಸ್ಗೋದಲ್ಲಿ ಹೆತ್ತವಳು ಯಾರೋ, ಏನು ಕಷ್ಟವಿತ್ತೋ. ಅವಳ ಹೆಸರನ್ನು ಅಳಿಸಲು ನಾನು ಯಾರು? ಯೋಚಿಸಿ ಯೋಚಿಸಿ ಇಷ್ಟಕ್ಕೆ ಬಂದಿದ್ದೇನೆ: ಕರೆದಾಗ ಅಮ್ಮ ಯಾವ ಹೆಸರಿಗೆ ಎದ್ದು ನಿಂತಳೋ ಅದೇ ಇರಲಿ. ಮಕ್ಯಾಸ್ಕಿಲ್ ಎಂಬ ಹೆಸರೂ ದೋಣಿಯಲ್ಲಿ ಬಂದದ್ದೇ, ಅವಳೂ ಹಾಗೇ ಬಂದಳು. ನೀನು ಹೂಂ ಅಂದ ಕೂಡಲೇ ಇವೆನ್ ಕೆಲಸ ಶುರುಮಾಡುತ್ತಾನೆ.

ಅತ್ತಿಗೆಗೆ ನನ್ನ ನೆನಪು ಹೇಳು. ಮಕ್ಕಳು ನೂರು ಕಾಲ ಚೆನ್ನಾಗಿರಲಿ; ಬೇಸಿಗೆಗೆ ಕರೆದುಕೊಂಡು ಬಾ.

ನಿನ್ನ ತಂಗಿ,
ಮೊರ್ವೆನ್

ಬರೆಯದೆ ಬಿಟ್ಟಿದ್ದ ಮಾತು: ನನ್ನ ಹದಿನಾಲ್ಕನೇ ವಯಸ್ಸಿನಲ್ಲಿ, ಕುಣಿತಕ್ಕೆ ಹೋಗಬೇಡ ಅಂದದ್ದಕ್ಕೆ ನಾನು ಅಮ್ಮನಿಗೆ ಅಂದಿದ್ದೆ: “ನೀನೇನು ನಿಜವಾದ ಮಕ್ಯಾಸ್ಕಿಲ್ಲಾ? ಚೀಟಿ ಕಟ್ಟಿಸ್ಕೊಂಡು ಬಂದೋಳು!” ಅವಳು ಬೈಯಲಿಲ್ಲ. ಚಹಾ ಬೇಕಾ ಎಂದಳು. ಹೋದ ವಾರ ಅವಳ ಬೈಬಲ್ ತೆರೆದೆ. ಮೊದಲ ಪುಟದಲ್ಲಿ ‘ಆಗ್ನೆಸ್’ ಇದೆ. ಅದರ ಮುಂದೆ ನಾನು ಚಿಕ್ಕಂದಿನಲ್ಲಿ ಓದಿದ್ದ ‘ಮಕ್ಯಾಸ್ಕಿಲ್’ ಅನ್ನು ಬ್ಲೇಡಿನಿಂದ ಕೆರೆದಿದ್ದಾಳೆ, ಕಾಗದ ತೂತಾಗುವಷ್ಟು. ನಿನ್ನ ಚುಕ್ಕೆಗೆರೆಗೂ ಮೊದಲೇ ಆ ಹೆಸರನ್ನು ಅವಳಿಂದ ಕಿತ್ತುಕೊಂಡವಳು ನಾನು. ಇವೆನ್ ಆಳವಾಗಿ ಕೆತ್ತಲಿ, ಅಣ್ಣ. ಒಪ್ಪಿಗೆ ಬರೆ.