ವೇದಿಕೆ ಹತ್ತಿದ ಚಿಕ್ಕಮ್ಮನಿಗೆ

ಲಾಸ್ ವೇಗಸ್, ಗುರುವಾರ

ಒಫೇಲಿಯಾ ಚಿಕ್ಕಮ್ಮನಿಗೆ ಎಫ್ರೈನ್ ಮಾಡುವ ನಮಸ್ಕಾರಗಳು.

ಮೊನ್ನೆ ಪತ್ರಕರ್ತರೆದುರು ನಿಮ್ಮ ಮಗ ನೋಯೆಯನ್ನು ಹೇಡಿ ಎಂದು ಬೈದು ತಳ್ಳಿದ್ದಕ್ಕೆ ಕ್ಷಮಿಸಿ. "ಗೆಳೆಯರ ಗುದ್ದಾಟಾನ ಟೀವೀಲಿ ನೋಡೋಕೆ ಯಾರಾದ್ರೂ ದುಡ್ಡು ಕಟ್ತಾರೇನೋ? ದ್ವೇಷ ಬೇಕಪ್ಪಾ, ದ್ವೇಷ!" ಎಂದು ನಮ್ಮಿಬ್ಬರ ಬಾಕ್ಸಿಂಗ್ ಪಂದ್ಯದ ಆಯೋಜಕರು ಹೇಳಿಕೊಟ್ಟಿದ್ದರು. ನೋಯೆಗೂ ಅದು ಗೊತ್ತಿತ್ತು. ನಿಮಗೆ ತಿಳಿಸುವುದನ್ನು ಮಾತ್ರ ಇಬ್ಬರೂ ಮರೆತೆವು.

ನೀವು ವೇದಿಕೆ ಹತ್ತಿ ಇಬ್ಬರ ಕಿವಿಯನ್ನೂ ಹಿಂಡಿ, "ಒಂದೇ ಹಾಸಿಗೇಲಿ ಮಲಗಿ ಬೆಳೆದವರು ಕಣ್ರೋ ನೀವು! ನಾಚಿಕೆ ಆಗಲ್ವಾ?" ಎಂದಾಗ ಆಯೋಜಕರು ತಲೆಯ ಮೇಲೆ ಕೈ ಹೊತ್ತು ಕೂತರು. ಆದರೆ ಆ ದೃಶ್ಯ ಎಲ್ಲರ ಫೋನಿಗೂ ಹಬ್ಬಿ, ಬಾಕ್ಸಿಂಗ್ ಎಂದೂ ನೋಡದ ಅಜ್ಜಿಯರೂ ಈ ಪಂದ್ಯಕ್ಕೆ ದುಡ್ಡು ಕಟ್ಟುತ್ತಿದ್ದಾರಂತೆ. "ನಿಮ್ಮಮ್ಮನ್ನ ಮೊದಲೇ ಕರ್ಕೊಂಡು ಬರಬಾರದಿತ್ತೇನೋ?" ಎಂದು ಆಯೋಜಕರೇ ಈಗ ನೋಯೆಯನ್ನು ಗದರುತ್ತಾರೆ. ನನ್ನ ಮನಸ್ಸೂ ಹಗುರಾಗಿದೆ. ಇನ್ನು ಅವನನ್ನು ಬೈಯಬೇಕಾಗಿಲ್ಲ.

ಶನಿವಾರ ಮಾತ್ರ ನಾವು ನಿಜವಾಗಿಯೇ ಹೊಡೆದಾಡುತ್ತೇವೆ. ಆಗ ದಯವಿಟ್ಟು ಕೂತಲ್ಲಿಂದ ಏಳಬೇಡಿ. ಯಾರು ಗೆದ್ದರೂ ಭಾನುವಾರ ಊಟಕ್ಕೆ ಇಬ್ಬರೂ ಒಟ್ಟಿಗೇ ಮನೆಗೆ ಬರುತ್ತೇವೆ. ದವಡೆ ಊದಿರುತ್ತದೆ, ಅಗಿಯುವಂಥದ್ದು ಬೇಡ, ಕೋಳಿ ಸಾರು ಮಾಡಿಡಿ.

ನಿಮ್ಮ ಇನ್ನೊಬ್ಬ ಮಗ,
ಎಫ್ರೈನ್