ಎರಡು ಆಫೀಸು, ಒಬ್ಬಳೇ ಅಕ್ಕ

ಕಂಪ್ಲಿ
೧೭-೧೧-೨೦೨೪, ಭಾನುವಾರ

ಪ್ರೀತಿಯ ಮಾವನಿಗೆ ನಿನ್ನ ಪಂಪಾವತಿಯ ನಮಸ್ಕಾರ.

ಮೊನ್ನೆ ಬೆಳಗಿನ ಜಾವ ಕೆಟ್ಟ ಕನಸು ಬಿತ್ತು. ಹಂಪಿ ಹೊಳೆಯಲ್ಲಿ ಹರಿಗೋಲಿನಲ್ಲಿ ಕೂತಿದ್ದೇನೆ. ಆಚೆ ದಂಡೆಯಲ್ಲಿ ನೀನು ವೆಲ್ಡಿಂಗ್ ಮುಖವಾಡ ಹಾಕಿಕೊಂಡು ನಿಂತಿದ್ದೀ. ಹುಟ್ಟು ಹಾಕುವವನು ನಡುಹೊಳೆಯಲ್ಲಿ ನಿಲ್ಲಿಸಿ, "ಅಂವ ನಿನಗೇನಾಗ್ಬೇಕು? ಹೇಳಿದ್ರ ದಾಟಿಸ್ತೀನಿ" ಅನ್ನುತ್ತಾನೆ. ಬಾಯಿ ತೆರೆದರೆ ಮಾತೇ ಬರದು. ಹರಿಗೋಲು ಗರಗರ ಸುತ್ತುತ್ತದೆ. ಎದ್ದು ಮುಖ ತೊಳೆದ ಮೇಲೂ ತಲೆ ಸುತ್ತುತ್ತಲೇ ಇತ್ತು. ನೀನು ನಗುತ್ತೀ ಎಂದು ಗೊತ್ತು. ಆದರೂ ಅವತ್ತು ನೀನು ಕೆಲಸಕ್ಕೆ ಹೋಗದಿದ್ದರೆ ಚೆನ್ನಾಗಿತ್ತು ಅನ್ನಿಸಿತು. ಕೈಗೆ ಏನೂ ಆಗಿಲ್ಲ ತಾನೆ?

ಇಷ್ಟು ದಿನ ಬರೆಯದೆ ಇದ್ದದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ. ಬರೆಯುವುದು, ಹರಿಯುವುದು, ಇದೇ ಆಯಿತು. ಎಂಟನೇ ಕ್ಲಾಸು ಎರಡು ಸಲ ಬಿಟ್ಟವಳ ಕೈ ಇದು. ಫೋನಿನಲ್ಲಿ ಹೇಳೋಣವೆಂದರೆ ಎರಡು ಕೋಣೆಯ ಮನೆ, ಪಿಸುಗುಟ್ಟಿದರೂ ಅವ್ವನಿಗೆ ಕೇಳುತ್ತದೆ. ಈ ಹಾಳೆಗಳನ್ನು ಫೋಟೋ ತೆಗೆದು ಕಳಿಸುತ್ತೇನೆ. ಒಬ್ಬನೇ ಇರುವಾಗ ಓದು.

ನನ್ನ ವೀಸಾ ತಿರಸ್ಕಾರ ಆದದ್ದಕ್ಕೆ ನಾನೇ ಕಾರಣ ಎಂದು ಕೊರಗಬೇಡ ಅಂತ ನೀನು ಹೇಳಿದೆ. ಕೊರಗುತ್ತಿಲ್ಲ. ಆದರೆ ನೀನೇ ಹೇಳು, ವೀಸಾ ಇಂಟರ್ವ್ಯೂನಲ್ಲಿ ಆ ದುಭಾಷಿ ಹೆಣ್ಣುಮಗಳು "ನೀವಿಬ್ಬರೂ ಮೊದಲು ಎಲ್ಲಿ ಭೇಟಿಯಾದಿರಿ" ಎಂದು ಕೇಳಿದರೆ ಮತ್ತೇನು ಹೇಳಬೇಕಿತ್ತು? ನನಗೆ ನಗು ಬಂತು. "ಭೇಟಿ ಏನ್ ಬಂತ್ರಿ, ನಾ ಹುಟ್ಟಿದಾಗಿಂದ ನೋಡೀನಿ. ನಮ್ಮವ್ವನ ಖಾಸಾ ತಮ್ಮ" ಅಂದೆ. ಸುಳ್ಳು ಮದುವೆ ಅಲ್ಲ ಎಂದು ತೋರಿಸಲು ಇದಕ್ಕಿಂತ ಗಟ್ಟಿ ಮಾತು ಯಾವುದಿದೆ ಎಂದುಕೊಂಡಿದ್ದೆ. ಅಕ್ಕನ ಮಗಳನ್ನು ಮದುವೆಯಾಗುವುದು ಆ ದೇಶದಲ್ಲಿ ಕಾನೂನಿಗೆ ವಿರುದ್ಧ ಎಂದು ನಮ್ಮ ಓಣಿಯಲ್ಲಿ ಯಾರಿಗೆ ಗೊತ್ತಿತ್ತು?

ಸರಿ, ವಕೀಲರ ವಿಷಯಕ್ಕೆ ಬರುತ್ತೇನೆ. "ಹೊಸಪೇಟೆಯಲ್ಲಿ ಎರಡು ಕಡೆ ಕೇಳು, ನಿನಗೆ ಸರಿ ಕಂಡವರನ್ನು ಹಿಡಿ" ಎಂದು ನೀನು ಅಂದಿದ್ದೆ. ನಾನು ತರಕಾರಿ ಆರಿಸುವಾಗಲೇ ಹತ್ತು ಸಲ ಎತ್ತಿ ಇಡುವವಳು. ಅದಕ್ಕೇ ಅವ್ವನನ್ನೂ ಕರೆದುಕೊಂಡು ಹೋದೆ.

ಮೊದಲನೆಯದು ಸೀರೆ ಅಂಗಡಿಯ ಮೇಲಿನ ಆಫೀಸು, ಈಶ್ವರ್ ಎನ್ನುವವನದು. ಎಸಿ ಇದೆ, ಗಾಜಿನ ಬಾಗಿಲಿದೆ, ಗೋಡೆಗೆ ಸಾಲಾಗಿ ಗಡಿಯಾರಗಳು, ಒಂದೊಂದರ ಕೆಳಗೆ ಒಂದೊಂದು ದೇಶದ ಹೆಸರು. ನಿನ್ನ ದೇಶದ್ದು ನಿಂತುಹೋಗಿತ್ತು. ಕೇಳಿದರೆ "ಸೆಲ್ ಹೋಗೈತಮ್ಮ, ಅಷ್ಟ" ಎಂದ. "ನೂರಕ್ಕೆ ನೂರು ಮಾಡಿಸಿಕೊಡ್ತೀವಿ, ಬರೋ ಯುಗಾದಿ ಅಲ್ಲೇ ಮಾಡ್ತೀ" ಎಂದ. ನಾನು ಅಂಜುತ್ತಾ, "ನೀವು ವಕೀಲರೇನ್ರಿ?" ಅಂದೆ.

"ನಾವು ಕನ್ಸಲ್ಟೆಂಟ್ಸು. ಡಾಕ್ಟರ್ ಹತ್ರ ಹೋದ್ರ ಡಿಗ್ರಿ ಕೇಳ್ತೀಯೇನಮ್ಮ?"

ಅವ್ವ ಸುಮ್ಮನಿರುತ್ತಾಳೆಯೇ? "ಸೂಜಿ ಚುಚ್ಚಾಕ ಮುಂಚೆ ಕೇಳ್ತೀವ್ರಿ" ಅಂದಳು.

ಅವನು ನಕ್ಕ. ಆಮೇಲೆ ದನಿ ತಗ್ಗಿಸಿ ಉಪಾಯ ಹೇಳಿದ. ಇಂಟರ್ವ್ಯೂನಲ್ಲಿ ಗಾಬರಿಯಾಗಿ ತಪ್ಪು ಹೇಳಿದೆ ಎಂದು ನಾನು ಅಫಿಡವಿಟ್ ಮಾಡಬೇಕಂತೆ. ಅವ್ವ ನಿನಗೆ ಅಕ್ಕ ಅಲ್ಲ, ದೂರದ ಬಳಗವೂ ಅಲ್ಲ, ಬರೀ ಒಂದೇ ಓಣಿಯವಳು ಎಂದು. ಅವ್ವ ಸೆರಗು ಸರಿಮಾಡಿಕೊಂಡು, "ಬರ್ಕೋರಿ. ನಾನು ಅಂವಗ ಯಾರೂ ಅಲ್ಲ ಅಂತ ಬರ್ಕೋರಿ. ಮಗಳು ಹೋಗಿ ಗಂಡನ್ನ ಸೇರಿದ್ರ ಸಾಕು" ಅಂದಳು. ನಾನು ಅವಳ ಕೈ ಹಿಡಿದು ಎಬ್ಬಿಸಿಕೊಂಡು ಬಂದೆ. ವಿಚಾರ ಮಾಡಿ ಹೇಳುತ್ತೇವೆ ಅಂದೆ.

ಎರಡನೆಯವರು ಶೈಲಶ್ರೀ ಅಂತ, ಕೋರ್ಟಿನ ಹತ್ತಿರದ ಸಂದಿಯಲ್ಲಿ. ಅಲ್ಲಿಗೆ ಮರುದಿನ ನಾನೊಬ್ಬಳೇ ಹೋದೆ. ಅವ್ವ ಬರಲಿಲ್ಲ. ಕುರ್ಚಿಯ ಮೇಲೆಲ್ಲ ಫೈಲು, ನಾನು ಸ್ಟೂಲಿನ ಮೇಲೆ ಕೂತೆ. ಅವರು ನಿನ್ನ ನನ್ನ ಕಥೆ ಪೂರ್ತಿ ಕೇಳಿದರು. ಹೇಳುತ್ತಾ ಹೇಳುತ್ತಾ ನೀನು ಸಂಡೂರಿಗೆ ಸೈಕಲ್ ಹೊಡೆದು ಬಿದ್ದದ್ದನ್ನೂ ಹೇಳಿಬಿಟ್ಟೆ. ಅವರು ಬೈಯಲಿಲ್ಲ.

"ನಮ್ಮ ಕಡೆ ರೂಢಿ ಐತಿ, ನಮ್ಮ ಕಾನೂನು ರೂಢಿ ಒಪ್ತೈತಿ. ಅಲ್ಲಿ ಕಷ್ಟ. ನಾನು ಗೆಲ್ಲಿಸ್ತೀನಿ ಅಂತ ಹೇಳಂಗಿಲ್ಲ" ಅಂದರು. ಅಲ್ಲಿನ ಕೇಸು ಅಲ್ಲಿ ಪರವಾನಗಿ ಇರುವ ವಕೀಲರೇ ನಡೆಸಬೇಕಂತೆ, ಅಂಥವರೊಬ್ಬರು ಇವರಿಗೆ ಗೊತ್ತಂತೆ. ಮೊದಲು ಆ ವಕೀಲರ ನೋಂದಣಿ ನಿನ್ನಿಂದಲೇ ತಪಾಸಣೆ ಮಾಡಿಸು, ಆಮೇಲೆ ಸಹಿ ಮಾಡು ಅಂದರು. ತಾವು ಹೇಳಿದವರನ್ನೇ ತಪಾಸಣೆ ಮಾಡು ಎನ್ನುವವರನ್ನು ನಾನು ಇದೇ ಮೊದಲು ನೋಡಿದ್ದು. ಬಾಗಿಲವರೆಗೂ ಬಂದು ಒಂದು ಮಾತು ಹೇಳಿದರು: "ಒಂದು ಸುಳ್ಳು ಸಿಕ್ಕಿಬಿದ್ರ ನೀವು ಹೋಗೋದಿರಲಿ, ಅಲ್ಲಿರೋ ಅವರಿಗೂ ಕುತ್ತು ಬರ್ತೈತಿ, ಪಂಪಾವತಿ. ಏನೈತೋ ಅದನ್ನ ಹೇಳಿ ಸೋಲೋದು ಬ್ಯಾರೆ."

ಆಗಿನಿಂದ ನನಗೆ ನಿದ್ದೆ ಇಲ್ಲ. ಶೈಲಶ್ರೀ ಅವರ ಹತ್ತಿರ ಹೋದರೆ ಗೆಲ್ಲದೆ ಇರಬಹುದು, ಆಗ ನಾವು ಒಟ್ಟಿಗೆ ಇರುವುದು ಯಾವಾಗ? ಈಶ್ವರ್ ಹತ್ತಿರ ಹೋದರೆ ಅವ್ವನನ್ನು ಹೊಳೆಗೆ ತಳ್ಳಿ ದಾಟಿದ ಹಾಗೆ. ಅಜ್ಜಿ ತೀರಿಕೊಂಡಾಗ ನಿನಗಿನ್ನೂ ಸರಿಯಾಗಿ ನಡೆಯಲು ಬರುತ್ತಿರಲಿಲ್ಲ, ಅವ್ವನೇ ನಿನ್ನನ್ನು ಸೊಂಟದ ಮೇಲೆ ಇಟ್ಟುಕೊಂಡು ಗದ್ದೆ ನಾಟಿಗೆ ಹೋಗುತ್ತಿದ್ದಳು ಎಂದು ಓಣಿಯೆಲ್ಲ ಹೇಳುತ್ತದೆ. ಅಂಥವಳನ್ನು ಒಂದೇ ಓಣಿಯವಳು ಎಂದು ಯಾವ ಕೈಯಿಂದ ಸಹಿ ಮಾಡಲಿ? ಅವಳೇನೋ "ಆ ಗಡಿಯಾರದ ಸಾಹೇಬನೇ ಆಗ್ಲಿ, ಜಲ್ದಿ ಆಗ್ತತಿ" ಅನ್ನುತ್ತಾಳೆ. ನಾನು ಶೈಲಶ್ರೀ ಅವರೇ ಅನ್ನುತ್ತೇನೆ. ತಡವಾದರೆ ಆಗಲಿ. ಆಗಲೇ ಇಲ್ಲ ಅಂದರೆ ನೀನೇ ಬಾ, ನೀನು ಕೆಲಸಕ್ಕೆ ಹೋಗುತ್ತಿದ್ದ ತೋರಣಗಲ್ಲಿನ ಉಕ್ಕಿನ ಕಂಪನಿ ಬಸ್ಸು ಈಗಲೂ ನಮ್ಮ ಹಳೇ ಜಾಗದಲ್ಲೇ ನಿಲ್ಲುತ್ತದೆ. ಇದನ್ನು ಬರೆದದ್ದು ತಪ್ಪಾಯಿತೇನೋ, ಆದರೂ ಹೊಡೆದುಹಾಕುವುದಿಲ್ಲ.

ನೀನು ಫೋನ್ ಮಾಡಿದಾಗಲೆಲ್ಲ "ಅಕ್ಕ ಎಲ್ಲಿ" ಎಂದು ಕೇಳುತ್ತೀ. ಗಿರಣಿಗೆ ಹೋಗಿದ್ದಾಳೆ ಎಂದು ಹೇಳುತ್ತಿದ್ದೇನೆ. ಹೋಗಿರುವುದಿಲ್ಲ. ಬಾಗಿಲ ಹಿಂದೆ ಕೂತು ಅಕ್ಕಿ ಆರಿಸುತ್ತಿರುತ್ತಾಳೆ, ಆರಿಸಿದ್ದನ್ನೇ ಮತ್ತೆ ಆರಿಸುತ್ತಾಳೆ.

ಗುರೆಳ್ಳು ಪುಡಿ ಮುಗಿದಿದ್ದರೆ ಹೇಳು. ಕಿವಿಗೆ ಬಟ್ಟೆ ಕಟ್ಟಿಕೊಂಡು ಹೋಗು, ಚಳಿಗೆ ನಿನ್ನ ಕಿವಿ ನೋಯುವುದು ನನಗೆ ಗೊತ್ತು. ಹುಲಿಗೆಮ್ಮ ನಿನ್ನ ಕಣ್ಣು, ಕೈ ಎರಡನ್ನೂ ತಣ್ಣಗೆ ಇಟ್ಟಿರಲಿ, ನೀನು ಹಚ್ಚಿದ ಬೆಸುಗೆ ಒಂದೂ ಬಿಡದಿರಲಿ.

ನಿನ್ನ
ಪಂಪಿ

ತಾ.ಕ.: ಒಂದು ಮಾತನ್ನು ಹಿಂದುಮುಂದು ಮಾಡಿ ಬರೆದಿದ್ದೇನೆ. ಈಶ್ವರ್ ಉಪಾಯ ಹೇಳಿದ ಕೂಡಲೇ ಅವ್ವ "ಬರ್ಕೋರಿ" ಅನ್ನಲಿಲ್ಲ. ಮೊದಲು ಅವನ ಮೇಲೆ ಸಿಟ್ಟಾಗಿ ಎದ್ದು ನಿಂತಿದ್ದಳು. ಆಗ ಅವನು, ನೀನು ಊರು ಬಿಡುವ ಮೊದಲು ವಿದೇಶಕ್ಕೆ ಕೆಲಸಕ್ಕೆ ಕಳಿಸುವ ಏಜೆನ್ಸಿಯಲ್ಲಿ ತುಂಬಿದ ಅರ್ಜಿಯನ್ನು ನಮ್ಮ ಕಾಗದಗಳಲ್ಲಿ ನೋಡಿ, "ಇಷ್ಟ್ಯಾಕ ಸಿಟ್ಟಮ್ಮ? ಒಡಹುಟ್ಟಿದವರು ಯಾರೂ ಇಲ್ಲ ಅಂತ ನಿಮ್ಮ ತಮ್ಮನೇ ಬರ್ದಾನಲ್ಲ" ಎಂದ. ಅವ್ವ ಮತ್ತೆ ಕೂತು, ಆಮೇಲೆ ಆ ಮಾತು ಅಂದಳು. ಬಸ್ಸಿನಲ್ಲಿ ಕಮಲಾಪುರ ದಾಟಿದ ಮೇಲೆ, "ಅಂವಗ ಅವಸರ ಇತ್ತೇನೋ" ಅಂದಳು. ಅಷ್ಟೇ. ಆ ಹಾಳೆಯನ್ನು ಶೈಲಶ್ರೀ ಅವರಿಗೆ ತೋರಿಸಲು ನನಗೆ ಧೈರ್ಯ ಬರಲಿಲ್ಲ, ಚೀಲದಲ್ಲೇ ಇಟ್ಟುಕೊಂಡೆ. ಅದು ಇಂಗ್ಲಿಷಿನಲ್ಲಿದೆ, ನನಗೆ ಓದಲು ಬಾರದು. ಈಶ್ವರ್ ಸರಿಯಾಗಿಯೇ ಓದಿದ ಎಂದು ಹೇಗೆ ನಂಬಲಿ, ಅವನ ಗಡಿಯಾರವೇ ನಿಂತಿದೆ. ಏಜೆನ್ಸಿಯವರೇ ತುಂಬಿ ನಿನ್ನಿಂದ ಬರೀ ಸಹಿ ಮಾಡಿಸಿಕೊಂಡಿರಬಹುದು. ಅದರ ನಕಲು ನಿನ್ನ ಹತ್ತಿರವೂ ಇದೆ. ಒಡಹುಟ್ಟಿದವರು ಎನ್ನುವ ಕಡೆ ಏನು ಬರೆದಿದೆ, ಇನ್ನೊಂದು ಸಲ ತೆಗೆದು ನೋಡು, ಮಾವ.