ನಾಲ್ಕನೇ ಜ್ವರ ಎದ್ದ ಹಾಡುಗಳು

ಮೇಲೂರು, ಶಿಡ್ಲಘಟ್ಟ ತಾಲ್ಲೂಕು
ಆಗಸ್ಟ್ 8, 2025

ಪ್ರೀತಿಯ ಮುರಳಿ ಅಣ್ಣನಿಗೆ,

ತಡವಾಗಿ ಬರೆಯುತ್ತಿದ್ದೇನೆ, ಬೈಯಬೇಡ. ಮೊದಲು ಒಂದು ವಿಷಯ ಹೇಳಿಬಿಡುತ್ತೇನೆ: ನಾನು ಕಾಲೇಜು ಬಿಟ್ಟು ವರ್ಷವಾಯಿತು. ನೀನು ಫೋನಿನಲ್ಲಿ ಪರೀಕ್ಷೆ ಬಗ್ಗೆ ಕೇಳಿದಾಗಲೆಲ್ಲ ರೇಷ್ಮೆ ಹುಳುವಿನ ಸುದ್ದಿ ತೆಗೆದು ಮಾತು ಮರೆಸಿದೆ. ಯಾರೂ ಬಿಡಿಸಲಿಲ್ಲ, ಬೆಂಚಿನ ಮೇಲೆ ಕೂರಲು ನನ್ನಿಂದಾಗಲಿಲ್ಲ. ಈಗ ಹಿಪ್ಪುನೇರಳೆ ಸೊಪ್ಪು ಕೊಯ್ದು ಹುಳುಮನೆ ನೋಡಿಕೊಳ್ಳುತ್ತೇನೆ. ಇದನ್ನು ಮುಚ್ಚಿಟ್ಟುಕೊಂಡು ನಿನ್ನ ಹಾಡುಗಳ ಬಗ್ಗೆ ನಿಜ ಬರೆಯಲು ಮನಸ್ಸು ಬರಲಿಲ್ಲ.

ನಿಮ್ಮ ತಂಡದ ಮೊದಲ ಆಲ್ಬಂಗೆ 'ನಾಲ್ಕನೇ ಜ್ವರ' ಎಂದು ಹೆಸರಿಟ್ಟಿದ್ದು ನೋಡಿ ನಕ್ಕೆ. ಹುಳು ಪೊರೆ ಬಿಡಲು ನಾಲ್ಕು ಸಲ ಜ್ವರಕ್ಕೆ ಕೂರುತ್ತದೆ, ಕೊನೆಯ ಸಲ ಎದ್ದ ಮೇಲೆ ಹಗಲೂ ರಾತ್ರಿ ತಿನ್ನುತ್ತದೆ ಎಂಬುದು ನಿನ್ನ ಗಿಟಾರಿನವನಿಗೆ ಏನು ಗೊತ್ತು? ಆದರೆ ಹಾಡುಗಳಿಗೆ ಗೊತ್ತಿದೆ. ಮೊದಲನೆಯದು ನಮಸ್ಕಾರವನ್ನೂ ಹೇಳದೆ ಒಳಗೆ ನುಗ್ಗುತ್ತದೆ. ಡ್ರಮ್ಮಿಗೆ ಹಸಿವು, ಗಿಟಾರಿಗೆ ಹಸಿವು, ನಿನ್ನ ಗಂಟಲಿಗಂತೂ ಊರೇ ಸಾಲದು. ಎರಡನೆಯದು ಮುಗಿಯಿತು ಎಂದುಕೊಳ್ಳುವಾಗ ನಾದಸ್ವರ ಬಂದು ಎಲ್ಲವನ್ನೂ ಬುಡಮೇಲು ಮಾಡುತ್ತದಲ್ಲ, ಅಲ್ಲಿ ಸೊಪ್ಪಿನ ಹೊರೆ ಇಳಿಸಿ ನಿಂತುಬಿಟ್ಟೆ. ಐದನೆಯ ಹಾಡನ್ನು ಎಳೆದಿದ್ದೀಯ, ಅರ್ಧ ಸಾಕಿತ್ತು. ಮುಖಪುಟದಲ್ಲಿ ಕೆನ್ನೆಗೆ ಬೆಳ್ಳಿ ಬಣ್ಣ, ಹೆಗಲಿಗೆ ನೇರಳೆ ರೇಷ್ಮೆ. ಚೆನ್ನಾಗಿ ಕಾಣುತ್ತೀಯ.

ಸದ್ದು ಕೇಳಿ ಅಪ್ಪ ಓಡಿ ಬಂದು, "ಏಮೇ ಹರಿತಾ, ಬೋರ್ ಮೋಟ್ರು ಸುಟ್ಟೋಯ್ತೇನೇ?" ಎಂದರು.

"ನಿನ್ ಮಗ ಕಣಪ್ಪ ಹಾಡ್ತಿರೋದು."

"ಹಂಗಾದ್ರೆ ರಿಪೇರಿ ಆಗಲ್ಲ ಬಿಡು." ಹಾಗೆಂದರೂ ಬಾಗಿಲು ಬಿಟ್ಟು ಕದಲಲಿಲ್ಲ.

ಕೊನೆಯ ಹಾಡಿನಲ್ಲಿ ವಾದ್ಯಗಳೆಲ್ಲ ನಿಂತು, ಸೋನೆ ಹಿಡಿದಂಥ ಸದ್ದು ಮಾತ್ರ ಉಳಿಯುತ್ತದಲ್ಲ. ಮೂರು ವರ್ಷದಿಂದ ನಿನ್ನ ಹೆಸರೆತ್ತದ ಅಮ್ಮ, ಪಾತ್ರೆ ತೊಳೆಯುತ್ತಿದ್ದವಳು ಕೈ ನಿಲ್ಲಿಸಿದಳು.

"ಅದು ಮಳೆ ಅಲ್ಲ ಕಣೇ. ಹುಳ ಸೊಪ್ಪು ತಿಂತಾವೆ. ಬಾಗ್ಲು ಕಿರ್ ಅಂತದಲ್ಲ, ನಮ್ ಮನೇದೇ ಅದು. ಯಾವಾಗ ಫೋನಲ್ಲಿ ಹಿಡ್ಕೊಂಡೋದ್ನೋ." ಸೆರಗಿಗೆ ಕೈ ಒರೆಸಿಕೊಂಡು, "ಇನ್ನೊಂದ್ಸಲ ಹಾಕು," ಎಂದಳು. ಹಾಕಿದೆ.

ಬಿಸಿನೀರು ಕುಡಿ. ಆ ಗಂಟಲು ಹೀಗೇ ನೂರು ವರ್ಷ ಕೂಗಲಿ.

ನಿನ್ನ ತಂಗಿ,
ಹರಿತಾ

ಮರೆತು ಬಿಟ್ಟಿದ್ದಲ್ಲ, ಕೊನೆಗೆಂದು ಇಟ್ಟುಕೊಂಡಿದ್ದು: ಮೂರು ವರ್ಷದ ಹಿಂದೆ ಹುಳುವೆಲ್ಲ ರೋಗ ಬಂದು ಸತ್ತಾಗ, ನೀನು ಮುಖಕ್ಕೆ ಹಚ್ಚುತ್ತಿದ್ದ ಪೌಡರಿನ ವಾಸನೆಯೇ ಕೊಂದಿತು ಎಂದು ಅಮ್ಮ ಎಲ್ಲರೆದುರು ಅಂದಳು, ನೀನು ಮನೆ ಬಿಟ್ಟು ಹೊರಟುಬಿಟ್ಟೆ. ಈ ಜೂನ್‌ನಲ್ಲಿ ಅದೇ ರೋಗ ಮತ್ತೆ ಬಂತು. ಈಗ ಮನೆಯಲ್ಲಿ ಪೌಡರ್ ಹಚ್ಚುವವರು ಯಾರೂ ಇಲ್ಲ. ಸತ್ತ ಹುಳುಗಳ ತಟ್ಟೆ ಹಿಡಿದು ಅಮ್ಮ, "ಹಂಗಾದ್ರೆ ಅವನಿಂದ ಅಲ್ವೇನೇ?" ಎಂದಳು. ನಾನು ಅಲ್ಲ ಎಂದೆ. ಅವಳೇ ನಿನಗೆ ಹೇಳಬೇಕಿತ್ತು, ಬಾಯಿ ಬರಲಿಲ್ಲ. ಇವತ್ತು ಇಷ್ಟು ಹೇಳಿದಳು: "ಬಾ ಅಂತ ಹೇಳು. ಮುಖ ತೊಳ್ಕೊಂಡು ಬಾ ಅನ್ನಲ್ಲ. ಹುಳದ ಮನೆಗೆ ಮಾತ್ರ ತೊಳ್ಕೊಂಡೇ ಬರಬೇಕು."

ಎದುರು ನಿಂತರೆ ಇಷ್ಟೆಲ್ಲ ಹೇಳಲಾರೆ. ಅದಕ್ಕೇ ಈ ಕಾಗದವನ್ನು ಬೆಂಗಳೂರಿನ ನಿಮ್ಮ ಷೋಗೆ ಬಂದು ಕೈಗೇ ಕೊಡುತ್ತೇನೆ. ನಾಳೆ ಬೆಳಗ್ಗೆಯ ಬಸ್ಸಿಗೆ ಹೊರಡುತ್ತಿದ್ದೇನೆ.